ಅರೇ ಒಳಗಿಂದ ಬೆಲೆ ತೆಗೆಯುವಾಗ

ಸೀರೆ ಅಂಗಡಿಯೊಂದರ ಸರ್ವರ್‌ಗೆ ಮೊಬೈಲ್ ಆ್ಯಪ್‌ನಿಂದ ಆರ್ಡರ್ ಬರುತ್ತದೆ ಎಂದುಕೊಳ್ಳಿ. ಜೇಸನ್ ಬಿಡಿಸಿದರೆ ಅರೇ ಒಳಗೆ ಅರೇ, ಅದರೊಳಗೆ ಮತ್ತೊಂದು: ಗ್ರಾಹಕ, ವಿಳಾಸ, ಕೊಂಡ ಸೀರೆಗಳು, ಒಂದೊಂದರ ಬೆಲೆ. ಪಿಎಚ್‌ಪಿಯಲ್ಲಿ ಅಲ್ಲಿಂದ ಒಂದು ಬೆಲೆ ತೆಗೆಯಲು ಒಂದೇ ಸಾಲು ಸಾಕು. ಆ ಸಾಲಿನ ಸುತ್ತ ಬೆಳೆದುಕೊಂಡಿರುವ ನಂಬಿಕೆಗಳು ಅನೇಕ.

ತಪ್ಪು ಕಲ್ಪನೆ: ಕೊನೆಗೆ ‘??’ ಹಾಕಿದರೆ ಸಾಲು ಸುರಕ್ಷಿತ.

ವಾಸ್ತವ: 2015ರ ಕೊನೆಯಲ್ಲಿ ಪಿಎಚ್‌ಪಿ 7ರ ಜೊತೆ ಬಂದ ಈ ಆಪರೇಟರ್ ನಿಜಕ್ಕೂ ಉಪಕಾರಿ. ನಡುವಿನ ಯಾವ ಕೀ ಇಲ್ಲದಿದ್ದರೂ ವಾರ್ನಿಂಗ್ ಬಾರದೆ ಡೀಫಾಲ್ಟ್ ಸಿಗುತ್ತದೆ. ಆದರೆ ಅದು ‘ಇದೆಯೇ?’ ಎಂದಷ್ಟೇ ನೋಡುತ್ತದೆ, ‘ಏನಿದೆ?’ ಎಂದು ಕೇಳುವುದಿಲ್ಲ. ಈ ಸಾಲು ನೋಡಿ:

$ಗ್ರಾಹಕ['ಫೋನ್'][0] ?? ''

ಫೋನ್ ನಂಬರುಗಳ ಪಟ್ಟಿ ಬರುತ್ತದೆಂದು ನಂಬಿ ಬರೆದದ್ದು. ಆ್ಯಪ್‌ನ ಹಳೆಯ ವರ್ಶನ್ ಪಟ್ಟಿಯ ಬದಲು ಒಂದೇ ಸ್ಟ್ರಿಂಗ್ ಕಳಿಸಿತು ಅನ್ನಿ. ಸ್ಟ್ರಿಂಗ್ ಮೇಲೂ [0] ನಡೆಯುತ್ತದೆ. ಸಿಗುವುದು ನಂಬರಿನ ಮೊದಲ ಅಂಕಿ, ‘9’. ಎರರ್ ಇಲ್ಲ, ಡೀಫಾಲ್ಟೂ ಇಲ್ಲ. ಆಮೇಲೆ ‘ಇದು ಸ್ಟ್ರಿಂಗಾ?’ ಎಂದು ಪರೀಕ್ಷಿಸಿದರೆ ಅದೂ ಪಾಸ್! ಕನ್ನಡದಲ್ಲಿ ಬರೆದ ಹೆಸರಿಗೆ ಹೀಗಾದರೆ ಇನ್ನೂ ಕಷ್ಟ. ಪಿಎಚ್‌ಪಿಗೆ ಸ್ಟ್ರಿಂಗ್ ಎಂದರೆ ಬೈಟ್‌ಗಳ ಸಾಲು. ಯುಟಿಎಫ್-8ರಲ್ಲಿ ‘ಕ’ ಅಕ್ಷರಕ್ಕೆ 3 ಬೈಟ್ ಬೇಕು, ಕೈಗೆ ಬರುವುದು ಒಂದೇ. ಆ ತುಂಡನ್ನು ಎಷ್ಟೋ ಹೊತ್ತಿನ ಮೇಲೆ, ಬೇರಾವುದೋ ಫೈಲಿನಲ್ಲಿ ಜೇಸನ್ ಮಾಡಲು ಹೋದಾಗ ಎನ್‌ಕೋಡಿಂಗ್ ಕೈಕೊಡುತ್ತದೆ. ಹುಡುಕುವವರು ಆ ಫೈಲನ್ನೇ ಜಾಲಾಡುತ್ತಾರೆ. ಆದ್ದರಿಂದ ಪ್ರತಿ ಮೆಟ್ಟಿಲು ಇಳಿಯುವ ಮೊದಲೂ ‘ಇದು ಅರೇಯೇ?’ ಎಂದು ಕೇಳಿಕೊಳ್ಳಲೇಬೇಕು.

ತಪ್ಪು ಕಲ್ಪನೆ: ಇಂಟ್‌ಗೆ ಕಾಸ್ಟ್ ಮಾಡಿದರೆ ಸಂಖ್ಯೆ ಸಿಕ್ಕೇ ಸಿಗುತ್ತದೆ.

ವಾಸ್ತವ: ಸಿಗುತ್ತದೆ, ಎಂಥ ಸಂಖ್ಯೆ ಎಂಬುದೇ ಪ್ರಶ್ನೆ. ‘1,250’ ಎಂಬ ಸ್ಟ್ರಿಂಗನ್ನು ಕಾಸ್ಟ್ ಮಾಡಿದರೆ ಬರುವುದು 1. ಕಾಮಾ ಕಂಡಲ್ಲಿ ಓದು ನಿಂತಿತು. ‘₹1,250’ ಆದರೆ 0. ಸಾವಿರದ ಇನ್ನೂರೈವತ್ತರ ಸೀರೆ ಒಂದು ರೂಪಾಯಿಗೆ ಬಿಲ್ ಆಗುತ್ತದೆ, ಲಾಗ್‌ನಲ್ಲಿ ಒಂದಕ್ಷರವೂ ಇರುವುದಿಲ್ಲ. ಬೂಲಿಯನ್ ಕಾಸ್ಟ್ ಅದಕ್ಕಿಂತ ಮೋಸ: ‘false’ ಎಂಬ ಪದವೇ ಸ್ಟ್ರಿಂಗಾಗಿ ಬಂದರೆ ಖಾಲಿಯಲ್ಲದ ಸ್ಟ್ರಿಂಗ್ ಎಂಬ ಕಾರಣಕ್ಕೆ ಅದು ನಿಜ ಎನಿಸಿಕೊಳ್ಳುತ್ತದೆ. ಸ್ಟ್ರಿಂಗಾಗಿ ಬರುವ ಅಂಕಿಗಳನ್ನು ಒಪ್ಪಲೇಬೇಕಿದ್ದರೆ ಫಿಲ್ಟರ್_ವಾರ್ ಅನ್ನು ಪೂರ್ಣಾಂಕದ ಫಿಲ್ಟರ್ ಜೊತೆ ಬಳಸುವುದು ಮೇಲು. ‘1,250’ ಬಂದರೆ ಅದು ಒಪ್ಪದೆ false ಕೊಡುತ್ತದೆ. ಸೊನ್ನೆಯೂ ಸರಿಯಾದ ಉತ್ತರವೇ ಆದ್ದರಿಂದ ಫಲಿತಾಂಶವನ್ನು ‘===’ ಹಾಕಿಯೇ ಹೋಲಿಸಿ. ಇನ್ನು ಬೆಂಗಳೂರಿನ ಎಸ್‌ಟಿಡಿ ಕೋಡ್ 080 ಇಂಟ್ ಆಗಲೇಬಾರದು, ಕಾಸ್ಟ್ ಮಾಡಿದರೆ 80 ಆಗಿಬಿಡುತ್ತದೆ.

ತಪ್ಪು ಕಲ್ಪನೆ: ಕೀ ಇಲ್ಲದಿರುವುದೂ ಅದರಲ್ಲಿ ನಲ್ ಇರುವುದೂ ಒಂದೇ.

ವಾಸ್ತವ: ಇಸ್‌ಸೆಟ್‌ಗೂ ‘??’ಗೂ ಒಂದೇ. ಪ್ರೊಫೈಲ್ ತಿದ್ದುವಾಗ ಮಾತ್ರ ಹಾಗಲ್ಲ: ವಿಳಾಸದ ಕೀ ಬಾರದಿದ್ದರೆ ‘ಇದ್ದದ್ದು ಇರಲಿ’, ನಲ್ ಬಂದರೆ ‘ಅಳಿಸಿ’. ಇಲ್ಲಿ ಅರೇ_ಕೀ_ಎಕ್ಸಿಸ್ಟ್ಸ್ ಬೇಕು.

ತಪ್ಪು ಕಲ್ಪನೆ: ಸ್ಟ್ರಿಕ್ಟ್ ಟೈಪ್ಸ್ ಆನ್ ಇದೆ, ಕೋಡನ್ನು ಓಡಿಸದೆ ಪರೀಕ್ಷಿಸುವ ಪಿಎಚ್‌ಪಿಸ್ಟ್ಯಾನ್ ಕೂಡ ಹಸಿರು ತೋರಿಸುತ್ತಿದೆ, ಇನ್ನು ಭಯವಿಲ್ಲ.

ವಾಸ್ತವ: ಎರಡೂ ಇರಲಿ, ನಾನಂತೂ ಬಿಡುವುದಿಲ್ಲ. ಆದರೆ ಸ್ಟ್ರಿಕ್ಟ್ ಟೈಪ್ಸ್ ಅರೇ ಒಳಗೆ ಇಣುಕುವುದಿಲ್ಲ, ಕಾಸ್ಟನ್ನೂ ತಡೆಯುವುದಿಲ್ಲ. ಪಿಎಚ್‌ಪಿಸ್ಟ್ಯಾನ್ ಓದುವುದು ನೀವು ಕಾಮೆಂಟಿನಲ್ಲಿ ಬರೆದ ಅರೇ ಆಕಾರವನ್ನು. ಪ್ರೋಗ್ರಾಂ ಓಡುವಾಗ ಹೊರಗಿನಿಂದ ಬರುವ ಜೇಸನ್‌ಗೆ ಆ ಕಾಮೆಂಟಿನ ಹಂಗಿಲ್ಲ.

ತಪ್ಪು ಕಲ್ಪನೆ: ಎರರ್ ಕೊಡುವುದಕ್ಕಿಂತ ಡೀಫಾಲ್ಟ್ ಕೊಡುವುದೇ ಗ್ರಾಹಕರಿಗೆ ಅನುಕೂಲ.

ವಾಸ್ತವ: ಪುಟ ಸಂಖ್ಯೆ ಬಾರದಿದ್ದರೆ 1 ಎಂದುಕೊಳ್ಳಿ, ಯಾರಿಗೂ ನಷ್ಟವಿಲ್ಲ. ಬೆಲೆಗೆ, ಪ್ರಮಾಣಕ್ಕೆ, ಅನುಮತಿಗೆ ಡೀಫಾಲ್ಟ್ ಕೊಡಬೇಡಿ. ದಾರಿಯನ್ನು ಪಟ್ಟಿಯಾಗಿ ತೆಗೆದುಕೊಂಡು ಒಂದೊಂದೇ ಹಂತ ಇಳಿದು, ಕೊನೆಗೆ ಟೈಪ್ ನೋಡಿ, ಹೊಂದದಿದ್ದರೆ ಎಕ್ಸೆಪ್ಶನ್ ಎಸೆಯುವ ಪುಟ್ಟ ಫಂಕ್ಷನ್ ಬರೆಯಲು ಇಪ್ಪತ್ತು ಸಾಲು ಬೇಕಾಗಲಾರದು. ಎರರ್ ಸಂದೇಶದಲ್ಲಿ ಪೂರ್ತಿ ದಾರಿ ಇರಲಿ: ‘ಸೀರೆಗಳು → 2 → ಬೆಲೆ: ಪೂರ್ಣಾಂಕ ಬೇಕಿತ್ತು, ಸ್ಟ್ರಿಂಗ್ ಬಂದಿದೆ’. ರಾತ್ರಿ ಪಾಳಿಯಲ್ಲಿ ಲಾಗ್ ತೆರೆದವರು ನೇರವಾಗಿ ಆ್ಯಪ್ ತಂಡಕ್ಕೆ ಫೋನ್ ಮಾಡಬಹುದು.