ನಿದ್ರೆಯ ಮೆಷಿನ್ ಬೀರುವಿನ ಮೇಲೇರದಿರಲಿ

"ಎರಡು ರಾತ್ರಿ ಹಾಕಿಕೊಂಡೆ. ಮುಖಕ್ಕೆ ಗಾಳಿ ರಾಚಿ ಇದ್ದ ನಿದ್ರೆಯೂ ಹೋಯಿತು. ಎತ್ತಿಟ್ಟುಬಿಟ್ಟೆ." ಸಿಪ್ಯಾಪ್ ಮೆಷಿನ್ ತಂದವರ ಮನೆಗಳಲ್ಲಿ ಈ ಮಾತು ಹೊಸದಲ್ಲ. ನಿಮ್ಮ ಮನೆಯಲ್ಲೂ ಅದು ಬೀರುವಿನ ಮೇಲಿದ್ದರೆ ಇವತ್ತೇ ಕೆಳಗಿಳಿಸಿ.

ಜೋರು ಗೊರಕೆಯನ್ನು ಒಳ್ಳೆಯ ನಿದ್ರೆಯ ಲಕ್ಷಣವೆಂದು ತಿಳಿದವರು ಬಹಳ. ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಕೆಲವರಿಗೆ ಉಸಿರಿನ ದಾರಿಯೇ ಮುಚ್ಚಿಕೊಂಡು ಹತ್ತು ಸೆಕೆಂಡು, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಉಸಿರು ನಿಲ್ಲುತ್ತದೆ. ಮೆದುಳು ಗಾಬರಿಯಿಂದ ಎಬ್ಬಿಸುತ್ತದೆ. ಬೆಳಗ್ಗೆ ನಿಮಗದು ನೆನಪಿರುವುದಿಲ್ಲ, ಪಕ್ಕದಲ್ಲಿ ಮಲಗಿದವರಿಗೆ ನೆನಪಿರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ದೊಡ್ಡ ಆಸ್ಪತ್ರೆಗಳಲ್ಲಿ ಮಾಡುವ ನಿದ್ರಾ ಪರೀಕ್ಷೆಯಲ್ಲಿ ಗಂಟೆಗೆ ಸರಾಸರಿ 5ರಿಂದ 15 ಸಲ ಹೀಗೆ ಉಸಿರು ನಿಂತರೆ ಅಥವಾ ತಗ್ಗಿದರೆ ಅದು ಸೌಮ್ಯ. 30 ದಾಟಿದರೆ ತೀವ್ರ.

ಸೌಮ್ಯ ಎಂದ ಮಾತ್ರಕ್ಕೆ ಹಗುರ ಎಂದಲ್ಲ. ಗಂಟೆಗೆ 12 ಎಂದರೆ ಏಳು ಗಂಟೆಯ ನಿದ್ರೆಯಲ್ಲಿ 84 ಸಲ. ಹಗಲು ತೂಕಡಿಕೆ ಇಲ್ಲದವರಿಗೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು ಸಾಕೆಂದು ವೈದ್ಯರು ಹೇಳಬಹುದು. ಆದರೆ ಕಲ್ಯದಿಂದ ಮುಂಜಾನೆಯೇ ಬೈಕೇರಿ ಕೆಲಸಕ್ಕೆ ಹೋಗುವವರು, ರಾಮನಗರದಲ್ಲಿ ರೇಷ್ಮೆಗೂಡು ಬೇಯುವ ಬಿಸಿನೀರಿನ ಮುಂದೆ ಕೂರುವವರು, ಚನ್ನಪಟ್ಟಣದಲ್ಲಿ ಗೊಂಬೆಯ ಲೇತ್ ತಿರುಗಿಸುವವರು ಒಂದು ಕ್ಷಣ ಕಣ್ಣು ಮುಚ್ಚಿದರೂ ಅಪಾಯ.

ಈ ಮೆಷಿನ್ ಆಕ್ಸಿಜನ್ ಕೊಡುವುದಿಲ್ಲ. ಕೋಣೆಯ ಗಾಳಿಯನ್ನೇ ಒತ್ತಡದಿಂದ ಕಳಿಸಿ ಗಂಟಲು ಮುಚ್ಚದಂತೆ ಹಿಡಿದಿಡುತ್ತದೆ, ಅಷ್ಟೇ. ಸಿಡ್ನಿಯ ಡಾ. ಕಾಲಿನ್ ಸಲಿವನ್ 1981ರಲ್ಲಿ ಈ ಚಿಕಿತ್ಸೆಯನ್ನು ವೈದ್ಯಲೋಕಕ್ಕೆ ತಿಳಿಸಿದರು.

ಅಭ್ಯಾಸವನ್ನು ರಾತ್ರಿ ಶುರು ಮಾಡಬೇಡಿ, ಹಗಲಲ್ಲಿ ಶುರು ಮಾಡಿ. ಟಿವಿ ನೋಡುತ್ತಲೋ ಪತ್ರಿಕೆ ಓದುತ್ತಲೋ ಅರ್ಧ ಗಂಟೆ ಮೆಷಿನ್ ನಡೆಸಿ ಮಾಸ್ಕ್ ಹಾಕಿ ಕುಳಿತಿರಿ. ಮೂಗಿನಿಂದ ನಿಧಾನವಾಗಿ ಉಸಿರಾಡಿ. ಮೂರು ನಾಲ್ಕು ದಿನದಲ್ಲಿ ಗಾಬರಿ ಇಳಿಯುತ್ತದೆ. ರಾತ್ರಿಗೆ 'ರ‍್ಯಾಂಪ್' ಎಂಬ ಸೌಲಭ್ಯ ಬಳಸಿ. ಒತ್ತಡ ಕಡಿಮೆಯಿಂದ ಮೆಲ್ಲಗೆ ಏರುತ್ತದೆ.

ಅರ್ಧ ದೂರು ಮಾಸ್ಕಿನದ್ದೇ. ಗಾಳಿ ಸೋರಿದರೆ ಎಲ್ಲರೂ ಪಟ್ಟಿ ಬಿಗಿಯುತ್ತಾರೆ. ಇದರಿಂದ ಮೂಗಿನ ಮೇಲೆ ಹುಣ್ಣಾಗುತ್ತದೆಯೇ ಹೊರತು ಸೋರಿಕೆ ನಿಲ್ಲುವುದಿಲ್ಲ. ಮಲಗಿದ ಭಂಗಿಯಲ್ಲೇ ಪಟ್ಟಿ ಸರಿಪಡಿಸಿ. ಗಡ್ಡ ಇರುವವರಿಗೆ ಬಾಯಿ ಮುಚ್ಚುವ ದೊಡ್ಡ ಮಾಸ್ಕ್ ಸರಿಯಾಗಿ ಕೂರದು. ಗಡ್ಡ ತೆಗೆಯಬೇಕಿಲ್ಲ, ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಚಿಕ್ಕ ಮಾಸ್ಕ್ ಕೇಳಿ. ಮುಖದ ಎಣ್ಣೆಗೂ ಮಾಸ್ಕ್ ಜಾರುತ್ತದೆ. ಮಲಗುವ ಮುನ್ನ ವುಝೂ ಮಾಡುವವರು ಮುಖ ಚೆನ್ನಾಗಿ ಒರೆಸಿಕೊಂಡರೆ ಈ ತೊಂದರೆ ಕಡಿಮೆ.

ಗಂಟಲು ಒಣಗಿದರೆ ತೇವ ಕೊಡುವ ತೊಟ್ಟಿ ಬಳಸಿ. ಡಿಸ್ಟಿಲ್ಡ್ ನೀರನ್ನೇ ಹಾಕಿ, ದಿನವೂ ಬದಲಿಸಿ. ಗಡಸಾದ ಬೋರ್‌ವೆಲ್ ನೀರು ಬಿಳಿ ಪದರ ಕಟ್ಟುತ್ತದೆ. ಕರೆಂಟ್ ಹೋಗುವ ಊರಾದರೆ ಯುಪಿಎಸ್ ಇರಲಿ. ಮೆಷಿನ್ ನಿಂತರೆ ಮಾಸ್ಕ್ ತೆಗೆದುಬಿಡಿ.

ನಡುರಾತ್ರಿ ಎದ್ದರೆ ಮಾಸ್ಕ್ ಬಿಚ್ಚಬೇಡಿ, ಪೈಪ್ ಮಾತ್ರ ಕಳಚಿ. ರಮಝಾನಿನಲ್ಲಿ ಸಹ್ರಿಗೆ ಎದ್ದವರು ಫಜ್ರ್ ನಂತರ ಮತ್ತೆ ಮಲಗುವಾಗ ಮಾಸ್ಕ್ ಮರೆಯುತ್ತಾರೆ. ಆ ನಿದ್ರೆಯಲ್ಲೂ, ಮಧ್ಯಾಹ್ನದ ಕೈಲೂಲಾದಲ್ಲೂ ಗಂಟಲು ಮುಚ್ಚುತ್ತದೆ. ಉಪವಾಸದ ಹಗಲಲ್ಲಿ ತೇವದ ಗಾಳಿಯ ಬಗ್ಗೆ ಸಂಶಯವಿದ್ದರೆ ನಿಮ್ಮ ಉಲಮಾಗಳನ್ನು ಕೇಳಿ. ತೊಟ್ಟಿಯಲ್ಲಿ ನೀರಿಲ್ಲದೆಯೂ ಮೆಷಿನ್ ನಡೆಯುತ್ತದೆ.

ಮಾಸ್ಕ್ ಹಾಕಿದ ಅಪ್ಪನನ್ನು ಮಕ್ಕಳು ಕಂಡು ನಗುವುದುಂಟು. ನಗಲಿ. ಮನೆಯಾಕೆ ಮಾತ್ರ ನಗದೆ, ನಿದ್ರೆಯಲ್ಲಿ ಕಿತ್ತೆಸೆದ ಮಾಸ್ಕನ್ನು ಮತ್ತೆ ಹಾಕಿಸಿದರೆ ಅರ್ಧ ಚಿಕಿತ್ಸೆ ಆದಂತೆ. ದಿನಕ್ಕೆ ಕನಿಷ್ಠ 4 ಗಂಟೆ ಮೊದಲ ಗುರಿ, ಆಮೇಲೆ ಪೂರ್ತಿ ನಿದ್ರೆ. ಎರಡು ವಾರವಾದರೂ ಹೊಂದದಿದ್ದರೆ ಮೆಷಿನ್ ಸಮೇತ ವೈದ್ಯರಲ್ಲಿಗೆ ಹೋಗಿ. ಎಷ್ಟು ಹೊತ್ತು ಬಳಸಿದಿರಿ, ಎಷ್ಟು ಸೋರಿತು ಎಂಬ ಲೆಕ್ಕ ಅದರೊಳಗೇ ಇರುತ್ತದೆ. ಬೇರೆ ಮಾಸ್ಕ್ ಕೇಳಲು ಸಂಕೋಚ ಬೇಡ.