ಕೆಂಪು ದೀಪವೂ ಮಾಲಿಕನ ಮಾತೂ

ಮೋಟಾರು ವಾಹನಗಳ ವಿಷಯವಾಗಿ ನಮ್ಮ ಜಿಲ್ಲೆಯ ಪತ್ರಿಕೆಗಳು ಬರೆಯುವುದೆಲ್ಲ ಬಹುಮಟ್ಟಿಗೆ ರಸ್ತೆಯ ಹೊಂಡಗಳನ್ನು ಕುರಿತದ್ದಾಗಿರುತ್ತದೆ. ನಾವೂ ಹಾಗೆ ಹಲವು ಬಾರಿ ಬರೆದಿದ್ದೇವೆ. ಹೊಂಡಗಳಿರುವ ತನಕ ಬರೆಯತಕ್ಕವರೇ ಸರಿ. ಆದರೆ ಇಂದು ಅಧಿಕಾರಿಗಳನ್ನು ದೂರುವುದಕ್ಕೆ ಮುನ್ನ ನಮ್ಮದೇ ತಪ್ಪೊಂದನ್ನು ವಾಚಕರ ಮುಂದಿರಿಸಬೇಕಾಗಿದೆ. ಪರರ ದೋಷಗಳನ್ನು ಪ್ರತಿದಿನವೂ ಅಚ್ಚುಹಾಕುವವರು ಸ್ವದೋಷವನ್ನು ಮರೆಮಾಡುವುದು ನ್ಯಾಯವಲ್ಲ.

ಕಳೆದ ಮಳೆಗಾಲದ ಒಂದು ಮುಂಜಾವ. ನಮ್ಮ ಪತ್ರಿಕೆಯ ಕಟ್ಟುಗಳನ್ನು ಹೇರಿಕೊಂಡು ಉಡುಪಿಯಿಂದ ಹೆಬ್ರಿಗೆ ಹೊರಟ ಕಾರು ಮಣಿಪಾಲ, ಪರ್ಕಳ, ಆತ್ರಾಡಿಗಳನ್ನು ದಾಟಿ ಹಿರಿಯಡ್ಕದ ಪೇಟೆಗೆ ಬಂದಿತ್ತು. ಅಲ್ಲಿಂದ ಚಾಲಕನು ನಮಗೆ ಫೋನು ಮಾಡಿ, “ಕೆಂಪು ದೀಪ ಉರಿಯುತ್ತಾ ಉಂಟು, ಸಾರ್. ಎಣ್ಣೆ ಕುಡಿಕೆಯ ಚಿತ್ರ. ನಿಲ್ಲಿಸಿದ್ದೇನೆ” ಎಂದನು. ಹೊತ್ತಿಗೆ ಸರಿಯಾಗಿ ಮುಟ್ಟದ ಪತ್ರಿಕೆ ರದ್ದಿ ಕಾಗದಕ್ಕೆ ಸಮಾನವೆಂಬುದು ನಮ್ಮ ವೃತ್ತಿಯವರ ಮೊದಲ ಪಾಠ. “ಹೆಬ್ರಿಗೆ ಮುಟ್ಟಿಸಿ ಬಾ ಮಾರಾಯ, ಮತ್ತೆ ನೋಡುವ” ಎಂದು ನಾವು ಅಪ್ಪಣೆಯಿತ್ತೆವು. ಅವನು ಮರುಮಾತಾಡಲಿಲ್ಲ. ಪೆರ್ಡೂರನ್ನು ತಲಪುವ ಮೊದಲೇ ಇಂಜಿನು ಗಡಗಡನೆ ಸದ್ದುಮಾಡಿ ಬಿಗಿದು ನಿಂತಿತು. ಹೊಂಡಕ್ಕೆ ಇಳಿದಾಗ ಇಂಜಿನಿನ ಅಡಿಯ ಎಣ್ಣೆತೊಟ್ಟಿಗೆ ಕಲ್ಲು ತಾಗಿ ಅದು ಬಿರಿದಿತ್ತು. ಎಣ್ಣೆಯೆಲ್ಲ ದಾರಿಯುದ್ದಕ್ಕೂ ಸೋರಿಹೋಗಿತ್ತು. ಅಂದು ಹೆಬ್ರಿಗೆ ಪತ್ರಿಕೆಯೂ ಮುಟ್ಟಲಿಲ್ಲ, ಇಂಜಿನೂ ಉಳಿಯಲಿಲ್ಲ.

ದುರಸ್ತಿಯ ಬಿಲ್ಲು ಬಂದಾಗ, ಅದರ ಒಂದು ಭಾಗವನ್ನು ಚಾಲಕನ ಸಂಬಳದಲ್ಲಿ ಮುರಿದುಕೊಳ್ಳಬಹುದೆಂದು ನಮ್ಮ ಲೆಕ್ಕಪತ್ರದವರು ಚೀಟಿ ಬರೆದರು. ನಾವು ಅದಕ್ಕೆ ರುಜು ಹಾಕುವವರೇ ಇದ್ದೆವು. ಚಾಲಕನು ಬಾಗಿಲಲ್ಲಿ ನಿಂತು, “ನಾನು ಹೇಳಿದ್ದೆನಲ್ಲ, ಸಾರ್” ಎಂದಷ್ಟೇ ನುಡಿದನು. ನಮ್ಮ ಲೇಖನಿ ಅಲ್ಲಿಯೇ ನಿಂತಿತು. ದೀಪವು ಬೆಳಗಿದ್ದು ಅವನ ಕಣ್ಣೆದುರಿನಲ್ಲಿ. ವಾಹನವನ್ನು ನಿಲ್ಲಿಸುವ ಅಧಿಕಾರವಿದ್ದುದು ನಮ್ಮ ನಾಲಗೆಯಲ್ಲಿ. ಹಸ್ತಿನಾವತಿಯಲ್ಲಿ ಮುಂದಾಗುವುದನ್ನು ಕಂಡು ಹೇಳಿದವನು ವಿದುರ. ಸಿಂಹಾಸನದಲ್ಲಿ ಕುಳಿತಿದ್ದವನು ಧೃತರಾಷ್ಟ್ರ. ನಮ್ಮ ಕಾರ್ಯಾಲಯದಲ್ಲಿಯೂ ಅಂದು ನಡೆದದ್ದು ಅದೇ ಪ್ರಸಂಗ.

ಇದು ಬರಿಯ ನೀತಿಯ ಮಾತಲ್ಲ, ಕಾಯಿದೆಯ ಮಾತೂ ಹೌದು. 1988ನೆಯ ಇಸವಿಯ ಮೋಟಾರು ವಾಹನಗಳ ಕಾಯಿದೆಯ 190ನೆಯ ಕಲಮು, ಅಪಾಯಕರವಾದ ದೋಷವುಳ್ಳ ವಾಹನವನ್ನು ತಿಳಿದೂ ಸಾರ್ವಜನಿಕ ಸ್ಥಳದಲ್ಲಿ ಓಡಿಸುವವನನ್ನು ಮಾತ್ರವಲ್ಲದೆ, ಓಡಿಸುವಂತೆ ಮಾಡುವವನನ್ನೂ, ಓಡಿಸಗೊಡುವವನನ್ನೂ ಅಪರಾಧಿಯೆಂದೇ ಎಣಿಸುತ್ತದೆ. ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದ ದೋಷವನ್ನು ತಿಳಿಯದೆ ಹೋದೆನೆಂಬುದೂ ಅಲ್ಲಿ ನೆವವಾಗಲಾರದು. ಕಣ್ಣೆದುರಿಗೆ ಕೆಂಪು ದೀಪ ಉರಿಯುತ್ತಿರುವಲ್ಲಿ ತಿಳಿಯಲಿಲ್ಲವೆಂದು ಹೇಳುವುದೆಂತು?

ಆದಕಾರಣ ಈ ದೀಪಗಳ ಭಾಷೆಯನ್ನು ಚಾಲಕನಷ್ಟೇ ಮಾಲಿಕನೂ ಕಲಿಯತಕ್ಕದ್ದು. ಅದು ಕಷ್ಟವಾದದ್ದೇನೂ ಅಲ್ಲ. ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ 2575ನೆಯ ಮಾನಕವು ಈ ಚಿಹ್ನೆಗಳನ್ನು ಗೊತ್ತುಪಡಿಸಿರುವುದರಿಂದ ಕಾರು ಯಾವ ದೇಶದ್ದಾದರೂ ಮುಖ್ಯ ಚಿತ್ರಗಳು ಬಹುಮಟ್ಟಿಗೆ ಒಂದೇ. ಬಣ್ಣಗಳ ಅರ್ಥವೂ ಸುಲಭ. ಹಸಿರು ಮತ್ತು ನೀಲಿ, ಯಾವುದೋ ಒಂದು ವ್ಯವಸ್ಥೆ ಕೆಲಸಮಾಡುತ್ತಿದೆಯೆಂಬ ಸುದ್ದಿ. ಹಳದಿ, ದೋಷವೊಂದಿದೆ, ಬೇಗನೆ ಪರೀಕ್ಷಿಸೆಂಬ ಸೂಚನೆ. ಕೆಂಪು, ಅಪಾಯದ ಕರೆ.

ಕೆಂಪಿನಲ್ಲಿ ಮೊದಲನೆಯದು ನಮಗೆ ಪಾಠ ಕಲಿಸಿದ ಎಣ್ಣೆಯ ಕುಡಿಕೆ. ಎಣ್ಣೆ ತುಸು ಕಡಿಮೆಯಾಗಿದೆ, ಸಂಜೆ ಹಾಕಿದರಾಯಿತು ಎಂದು ಇದಕ್ಕೆ ಅರ್ಥಮಾಡುವವರು ಬಹುಮಂದಿ. ಅದು ಸರಿಯಲ್ಲ. ಎಣ್ಣೆಯ ಒತ್ತಡವೇ ಬಿದ್ದುಹೋಗಿದೆಯೆಂಬುದು ಅದರ ಅರ್ಥ. ಇಂಜಿನಿನ ಒಳಗೆ ತಿರುಗುವ ಲೋಹಗಳ ನಡುವೆ ಎಣ್ಣೆಯ ತೆಳ್ಳನೆಯ ಪದರವೊಂದಿದ್ದು, ಅದು ಲೋಹಕ್ಕೆ ಲೋಹ ಉಜ್ಜದಂತೆ ಕಾಯುತ್ತದೆ. ಒತ್ತಡವಿಲ್ಲದಿದ್ದರೆ ಆ ಪದರವಿಲ್ಲ. ಕೆಲವೇ ನಿಮಿಷಗಳಲ್ಲಿ ಇಂಜಿನು ಕಾದು ಬಿಗಿದುಕೊಳ್ಳುವುದು. ಕೂಡಲೇ ಬದಿಗೆ ನಿಲ್ಲಿಸಿ ಇಂಜಿನನ್ನು ಆರಿಸುವುದೊಂದೇ ಮಾರ್ಗ.

ನೀರಿನಲ್ಲಿ ಮುಳುಗಿದ ಉಷ್ಣಮಾಪಕದ ಚಿತ್ರ ಕೆಂಪಾಗಿ ಬೆಳಗಿದರೆ ಇಂಜಿನು ಮಿತಿಮೀರಿ ಕಾದಿದೆಯೆಂದು ತಿಳಿಯತಕ್ಕದ್ದು. ಆಗಲೂ ನಿಲ್ಲಿಸಬೇಕು, ಆದರೆ ರೇಡಿಯೇಟರಿನ ಮುಚ್ಚಳವನ್ನು ಆತುರದಿಂದ ತೆರೆಯಲೇಬಾರದು. ಒಳಗಿನ ನೀರು ಒತ್ತಡದಲ್ಲಿದ್ದು, ಮುಚ್ಚಳ ತೆರೆದ ಕ್ಷಣವೇ ಕುದಿದು ಚಿಮ್ಮಿ ಮುಖ ಕೈಗಳನ್ನು ಬೇಯಿಸಬಲ್ಲದು. ವೃತ್ತದೊಳಗಿನ ಆಶ್ಚರ್ಯಸೂಚಕ ಚಿಹ್ನೆ ಬ್ರೇಕಿನದು. ಕೈಬ್ರೇಕನ್ನು ಬಿಟ್ಟ ಮೇಲೂ ಅದು ಆರದಿದ್ದರೆ ಬ್ರೇಕಿನ ದ್ರವವು ಇಳಿದಿರಬಹುದು. ಪ್ಯಾಡುಗಳು ಸವೆದುದರಿಂದಲೂ, ಎಲ್ಲಿಯಾದರೂ ಸೋರುವುದರಿಂದಲೂ ಹಾಗಾಗುತ್ತದೆ. ಆಗುಂಬೆಯ ಘಾಟಿಯ 14 ತಿರುವುಗಳನ್ನು ಇಳಿಯುವ ಮೊದಲು ಈ ದೀಪವನ್ನು ಕಂಡೂ ಕಾಣದಂತಿರುವವನು ತನ್ನ ಪ್ರಾಣವನ್ನಷ್ಟೇ ಅಲ್ಲ, ಎದುರು ಬರುವವರ ಪ್ರಾಣವನ್ನೂ ಪಣಕ್ಕೊಡ್ಡುತ್ತಾನೆ. ಬ್ಯಾಟರಿಯ ಚಿತ್ರವು ಬ್ಯಾಟರಿಗೆ ವಿದ್ಯುತ್ತು ತುಂಬುತ್ತಿಲ್ಲವೆಂಬುದನ್ನು ತಿಳಿಸುತ್ತದೆ. ಅನೇಕ ವೇಳೆ ತುಂಡಾದ ಬೆಲ್ಟೇ ಇದಕ್ಕೆ ಕಾರಣ. ಕೆಲವು ಕಾರುಗಳಲ್ಲಿ ಅದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುವುದರಿಂದ ಇಂಜಿನು ಕಾಯುವುದು ಅದರ ಬೆನ್ನಲ್ಲಿಯೇ ಬರುವ ವಿಪತ್ತು.

ಹಳದಿ ದೀಪಗಳಲ್ಲಿ ಇಂಜಿನಿನ ಚಿತ್ರ ಎಲ್ಲರಿಗೂ ಪರಿಚಿತವಾದದ್ದು. ಅದು ಸ್ಥಿರವಾಗಿ ಉರಿಯುತ್ತಿದ್ದು ಕಾರು ಸರಿಯಾಗಿಯೇ ಓಡುತ್ತಿದ್ದರೆ ನಿಧಾನವಾಗಿ ಗ್ಯಾರೇಜಿಗೆ ಕೊಂಡೊಯ್ಯಬಹುದು. ಮಿನುಗುತ್ತಿದ್ದರೆ ಹಾಗಲ್ಲ. ಇಂಧನವು ಪೂರ್ತಿ ಉರಿಯದೆ ಹೊಗೆಕೊಳವೆಗೆ ಹೋಗುತ್ತಿರುವುದರಿಂದ, ಹೊಗೆಯನ್ನು ಶುದ್ಧಗೊಳಿಸುವ ಭಾಗವೇ ಸುಟ್ಟುಹೋಗುವ ಭಯವಿದೆ. ವೇಗವನ್ನು ತಗ್ಗಿಸಿ ನಿಲ್ಲಿಸುವುದು ಲೇಸು. ಎಬಿಎಸ್ ಎಂಬ ಅಕ್ಷರಗಳು ಬೆಳಗಿದರೆ ಸಾಧಾರಣ ಬ್ರೇಕು ಉಳಿದಿದೆ. ಆದರೆ ಒದ್ದೆ ರಸ್ತೆಯಲ್ಲಿ ಚಕ್ರಗಳು ಬಿಗಿದು ಜಾರದಂತೆ ತಡೆಯುವ ಏರ್ಪಾಡು ಇಲ್ಲವಾಗಿದೆ. ನಮ್ಮ ದೇಶದಲ್ಲಿ 2019ನೆಯ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದ ಈ ಏರ್ಪಾಡು ಕೆಟ್ಟಿರುವಾಗ ಅದು ಇದೆಯೆಂದೇ ಭಾವಿಸಿ ಓಡಿಸುವುದು ಅಪಾಯ. ಜಾರುವ ಕಾರಿನ ಚಿತ್ರ ಮಿನುಗಿದರೆ ಜಾರಿಕೆಯನ್ನು ತಡೆಯುವ ಯಂತ್ರ ಆ ಕ್ಷಣ ಕೆಲಸಮಾಡುತ್ತಿದೆ, ನಿಧಾನಿಸು ಎಂದರ್ಥ. ಆರದೆ ಉರಿದರೆ ಅದು ನಿಂತಿರುತ್ತದೆ ಅಥವಾ ಕೆಟ್ಟಿರುತ್ತದೆ.

ಡೀಸೆಲ್ ಕಾರಿನವರಿಗೆ ಒಂದು ವಿಶೇಷ ಮಾತು. 2020ನೆಯ ಏಪ್ರಿಲಿನಲ್ಲಿ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಈ ಕಾರುಗಳ ಹೊಗೆಕೊಳವೆಯಲ್ಲಿ ಮಸಿಯನ್ನು ಹಿಡಿಯುವ ಸೋಸುಕ ಇರುತ್ತದೆ. ಹಿರಿಯಡ್ಕದಿಂದ ಮಣಿಪಾಲಕ್ಕೆ ಹೋಗಿ ಬರುವಷ್ಟು ಕಿರಿಯ ಪ್ರಯಾಣಗಳನ್ನೇ ಮಾಡುತ್ತಿದ್ದರೆ ಅದು ಮಸಿಯಿಂದ ಕಟ್ಟಿಕೊಂಡು ದೀಪ ಬೆಳಗುತ್ತದೆ. ಆ ಮಸಿ ಉರಿದುಹೋಗಬೇಕಾದರೆ ಕೊಳವೆ ಚೆನ್ನಾಗಿ ಕಾಯಬೇಕು. ಅದಕ್ಕೆ ಹೆದ್ದಾರಿಯಲ್ಲಿ ಸಮವೇಗದ ದೀರ್ಘ ಓಟ ಬೇಕು. ಉಡುಪಿಯಿಂದ ಕಾಪುವಿನ ಕಡೆಗೆ 66ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಆಗಾಗ ಒಮ್ಮೆ ಸಾಗಿ ಬಂದರೆ ತಪ್ಪುವ ಖರ್ಚನ್ನು, ಅದನ್ನು ಅರಿಯದವರು ಗ್ಯಾರೇಜಿನಲ್ಲಿ ತೆರುತ್ತಾರೆ.

ಇನ್ನೊಂದು ಪರೀಕ್ಷೆ ಪ್ರತಿಯೊಬ್ಬನೂ ಪ್ರತಿದಿನವೂ ಮಾಡಬಹುದಾದದ್ದು. ಕೀಲಿ ತಿರುವಿದೊಡನೆ ಮುಖ್ಯವಾದ ಎಚ್ಚರಿಕೆಯ ದೀಪಗಳು ಒಮ್ಮೆ ಬೆಳಗಿ ಬಳಿಕ ಆರುತ್ತವೆ. ಬೆಳಗಿ ಆರದ ದೀಪವು ದೋಷವನ್ನು ಹೇಳುವಂತೆಯೇ, ಆರಂಭದಲ್ಲಿ ಬೆಳಗಬೇಕಾದಲ್ಲಿ ಬೆಳಗದ ದೀಪವೂ ಹೇಳುತ್ತದೆ. ಹಳೆಯ ಕಾರನ್ನು ಕೊಳ್ಳುವವರು ಇದನ್ನು ತಪ್ಪದೆ ನೋಡತಕ್ಕದ್ದು. ದೋಷವನ್ನು ತಿದ್ದುವುದಕ್ಕೆ ಬದಲು ದೀಪವನ್ನೇ ಕಿತ್ತು ಮಾರುವ ಚತುರರು ಲೋಕದಲ್ಲಿ ಇಲ್ಲದಿಲ್ಲ.

ದೀಪಗಳ ಕಾಲವನ್ನು ದಾಟಿ ಈಗ ಸಹಾಯಕ ಯಂತ್ರಗಳ ಕಾಲ ಬಂದಿದೆ. ಗಾಜಿನ ಹಿಂದೆ ಕ್ಯಾಮರಾ, ಮುಂಬದಿಯಲ್ಲಿ ರಾಡಾರ್. ಇವು ಎದುರಿನ ವಾಹನವನ್ನು ಅಳೆದು ತಾವೇ ಬ್ರೇಕು ಹಾಕುತ್ತವೆ, ರಸ್ತೆಯ ಬಿಳಿಗೆರೆಯನ್ನು ನೋಡಿ ಸ್ಟಿಯರಿಂಗನ್ನು ತುಸು ತಿರುವುತ್ತವೆ. ಅಡಾಸ್ ಎಂದು ಇವನ್ನು ಸಂಕ್ಷೇಪವಾಗಿ ಕರೆಯುವರು. ಕಣ್ಣುರೆಪ್ಪೆ ಬಡಿಯುವಷ್ಟರಲ್ಲಿ ಆಗಬಹುದಾದ ಅಪಘಾತಗಳನ್ನು ಇವು ತಪ್ಪಿಸಬಲ್ಲವೆಂಬುದರಲ್ಲಿ ಸಂದೇಹವಿಲ್ಲ. ವಿಜ್ಞಾನದ ಈ ಉಪಕಾರವನ್ನು ನಾವು ಹಳಿಯುವವರಲ್ಲ. ಆದರೆ ಎಸ್‌ಎಇ ಎಂಬ ಸಂಸ್ಥೆ ಇಂಥ ವ್ಯವಸ್ಥೆಗಳನ್ನು 0ಯಿಂದ 5ರ ತನಕ ಆರು ಮೆಟ್ಟಿಲುಗಳಾಗಿ ವಿಂಗಡಿಸಿದ್ದು, ನಮ್ಮಲ್ಲಿ ಮಾರಾಟವಾಗುವ ಇಂಥ ಕಾರುಗಳು ಸಾಮಾನ್ಯವಾಗಿ ಎರಡನೆಯದನ್ನು ಮೀರಿಲ್ಲ. ಆ ಮೆಟ್ಟಿಲಿನಲ್ಲಿ ಯಂತ್ರವು ಸಹಾಯಕ ಮಾತ್ರ. ರಸ್ತೆಯ ಮೇಲೆ ಕಣ್ಣಿಡಬೇಕಾದವನು ಚಾಲಕನೇ.

ಈ ಮಾತಿನ ಅರ್ಥವನ್ನು ತಿಳಿಯಬೇಕಾದರೆ ಆಷಾಢದಲ್ಲಿ ಹಿರಿಯಡ್ಕದಿಂದ ಹೆಬ್ರಿ, ಸೋಮೇಶ್ವರಗಳ ಮಾರ್ಗವಾಗಿ ಆಗುಂಬೆಗೆ ಹೋಗಬೇಕು. ಕೆಸರು ಹಾರಿ ರಾಡಾರಿನ ಮುಖವನ್ನು ಮುಚ್ಚುತ್ತದೆ. ಜಡಿಮಳೆಯಲ್ಲಿಯೂ ಘಾಟಿಯ ಮಂಜಿನಲ್ಲಿಯೂ ಕ್ಯಾಮರಾ ಕುರುಡಾಗುತ್ತದೆ. ಬಿಳಿಗೆರೆ ಮಾಸಿದಲ್ಲಿ ಯಂತ್ರಕ್ಕೆ ದಾರಿಯೇ ಇಲ್ಲ. ಮುಂದಿನ ವಾಹನದ ವೇಗಕ್ಕೆ ತಕ್ಕಂತೆ ತಾನೇ ಓಡುವ ವ್ಯವಸ್ಥೆಯು, ತಿರುವಿನಲ್ಲಿ ಆ ವಾಹನ ಕಣ್ಮರೆಯಾದೊಡನೆ ದಾರಿ ತೆರವಾಯಿತೆಂದು ಬಗೆದು ವೇಗವನ್ನು ಹೆಚ್ಚಿಸುವುದೂ ಉಂಟು. ಹಠಾತ್ತಾಗಿ ಅಡ್ಡಬರುವ ದನವನ್ನೂ, ತಪ್ಪು ಬದಿಯಿಂದ ನುಗ್ಗುವ ದ್ವಿಚಕ್ರವನ್ನೂ ಅದು ಯಾವಾಗಲೂ ಗುರುತಿಸುವುದೆಂಬ ಭರವಸೆಯಿಲ್ಲ. ಗಾಜನ್ನು ಬದಲಿಸಿದ ಮೇಲೆ ಕ್ಯಾಮರಾವನ್ನು ಮರಳಿ ಅಳತೆಗೆ ಕೂಡಿಸದಿದ್ದರೆ ಅದು ನೋಡುವುದೇ ಓರೆಯಾಗಬಹುದು. ಆದರೆ ಈ ಯಂತ್ರಗಳಲ್ಲಿ ಒಂದು ಸದ್ಗುಣವಿದೆ: ತನಗೆ ಕಾಣುವುದಿಲ್ಲವೆಂದು ತಿಳಿದಾಗ ಅದು ಹಳದಿ ದೀಪ ಹಚ್ಚಿ ಒಪ್ಪಿಕೊಳ್ಳುತ್ತದೆ. ಆ ಪ್ರಾಮಾಣಿಕತೆ ಅದರ ಯಜಮಾನರಿಗೂ ಬರಲಿ.

ಇನ್ನು ನಮ್ಮ ಭಾಷೆಯ ಮಾತು. ಲಕ್ಷಾಂತರ ರೂಪಾಯಿಗಳಿಗೆ ಕಾರನ್ನು ಮಾರುವವರು ಅದರ ಕೈಪಿಡಿಯನ್ನು ಇಂಗ್ಲಿಷಿನಲ್ಲಿ ಕೊಟ್ಟು ಕೈತೊಳೆದುಕೊಂಡರೆ, ಕನ್ನಡ ಮಾತ್ರ ಓದಬಲ್ಲ ಚಾಲಕನಿಗೆ ಅದು ಪೆಟ್ಟಿಗೆಯೊಳಗಿನ ರದ್ದಿ. ಪ್ರಾಣಕ್ಕೆ ಸಂಬಂಧಿಸಿದ ಎಚ್ಚರಿಕೆಯನ್ನು ಮನುಷ್ಯನಿಗೆ ಅವನ ಭಾಷೆಯಲ್ಲಿ ಹೇಳುವುದು ಉಪಕಾರವಲ್ಲ, ಕರ್ತವ್ಯ. ಮುಖ್ಯ ದೀಪಗಳ ಚಿತ್ರವನ್ನೂ ಅರ್ಥವನ್ನೂ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಅಚ್ಚುಹಾಕಿ ಪ್ರತಿಯೊಂದು ಕಾರಿನೊಡನೆ ಕೊಡುವುದಕ್ಕೆ ಎಷ್ಟು ವೆಚ್ಚ ತಗಲೀತು? ಚಾಲನೆ ಕಲಿಸುವ ಶಾಲೆಗಳು ಗೇರು ಹಾಕುವುದಕ್ಕೆ ಮೊದಲು ಈ ಹಾಳೆಯನ್ನು ಕಲಿಸಲಿ.

ಇಲಾಖೆಯ ವಾಹನಗಳಲ್ಲಿ ಹಿಂದಿನ ಆಸನದಲ್ಲಿ ಕುಳಿತುಕೊಳ್ಳುವ ಅಧಿಕಾರಿಗಳಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಸಭೆಗೆ ಹೊತ್ತಾಯಿತೆಂದು ನೀವು ಅವಸರಪಡಿಸುವಾಗ ಚಾಲಕನ ಮುಂದೆ ಯಾವ ದೀಪ ಉರಿಯುತ್ತಿದೆಯೆಂದು ಒಮ್ಮೆ ಕೇಳಿರಿ. ನೀವು ಕೇಳದಿದ್ದರೆ ಅವನು ಹೇಳಲಾರನು. ಒಂದು ಬಾರಿ ಹೇಳಿ ಗದರಿಸಿಕೊಂಡವನು ಎರಡನೆಯ ಬಾರಿ ಬಾಯಿ ತೆರೆಯುವುದಿಲ್ಲ.

ನಮ್ಮ ಮಟ್ಟಿಗೆ ಹೇಳುವುದಾದರೆ, ಸಂಬಳದಲ್ಲಿ ಮುರಿದುಕೊಳ್ಳುವ ಆ ಚೀಟಿಯನ್ನು ಹರಿದುಹಾಕಿದ್ದೇವೆ. ದುರಸ್ತಿಯ ಹಣವನ್ನು ಪತ್ರಿಕೆಯೇ ತೆತ್ತಿದೆ. ಕೆಂಪು ದೀಪ ಬೆಳಗಿದರೆ ಯಾರ ಅಪ್ಪಣೆಗೂ ಕಾಯದೆ ವಾಹನವನ್ನು ನಿಲ್ಲಿಸತಕ್ಕದ್ದೆಂದೂ, ಅದರಿಂದಾಗುವ ವಿಳಂಬಕ್ಕೆ ಚಾಲಕನು ಹೊಣೆಯಲ್ಲವೆಂದೂ ಬರೆದು ನಮ್ಮ ರುಜುವಿನೊಡನೆ ಕಾರ್ಯಾಲಯದ ಗೋಡೆಗೆ ಹಚ್ಚಿಸಿದ್ದೇವೆ. ಆದುದರಿಂದ ಹೆಬ್ರಿಯ ಚಂದಾದಾರರಿಗೆ ಯಾವುದಾದರೊಂದು ದಿನ ಪತ್ರಿಕೆ ತಡವಾಗಿ ಮುಟ್ಟಿದರೆ ಅವರು ಕ್ಷಮಿಸಬೇಕು. ಹಿರಿಯಡ್ಕದ ಪೇಟೆಯಲ್ಲಿ ನಮ್ಮ ಕಾರು ನಿಂತಿರಬಹುದು. ಅದನ್ನು ನಿಲ್ಲಿಸಿದವನು ತನ್ನ ಕರ್ತವ್ಯವನ್ನು ಮಾಡಿದ್ದಾನೆ.