ಮನೆಗೆ ಬಂದ ನಡಿಗೆಯಂತ್ರ: ಜೋಡಣೆ, ಜಾಗರೂಕತೆ, ಅಭ್ಯಾಸ

ಇಂದು ನಮ್ಮ ನಗರ-ಪಟ್ಟಣಗಳ ಅನೇಕ ಮನೆಗಳ ಪಡಸಾಲೆಯಲ್ಲಿ ಒಂದು ಯಂತ್ರವು ಕಾಣಿಸಿಕೊಳ್ಳುತ್ತಿದೆ. ಅದರ ಹೆಸರು ಟ್ರೆಡ್‌ಮಿಲ್. ನಿಂತಲ್ಲಿಯೇ ನಡೆಯಲು ಅನುವು ಮಾಡಿಕೊಡುವ ಈ ಸಾಧನವನ್ನು ಮಕ್ಕಳು ವಯಸ್ಸಾದ ತಂದೆ-ತಾಯಿಗಳಿಗೆ ಪ್ರೀತಿಯಿಂದ ಕೊಡಿಸುತ್ತಾರೆ. ಮೊದಲ ತಿಂಗಳು ಮನೆಮಂದಿಯೆಲ್ಲ ಸರದಿಯ ಮೇಲೆ ಹತ್ತಿಳಿಯುತ್ತಾರೆ. ಎರಡನೆಯ ತಿಂಗಳು ಒಬ್ಬರು ಮಾತ್ರ ಉಳಿಯುತ್ತಾರೆ. ಮೂರನೆಯ ತಿಂಗಳಿಗೆ ಅದರ ಹಿಡಿಕೆಯ ಮೇಲೆ ಒದ್ದೆ ಟವೆಲ್ಲು ಒಣಗುತ್ತಿರುತ್ತದೆ. ಹೀಗೆ ಹಣ ವ್ಯರ್ಥವಾಗುವುದು ಒಂದು ನಷ್ಟವೇ ಸರಿ. ಆದರೆ ಯಂತ್ರದ ಸ್ವಭಾವವನ್ನರಿಯದೆ ಬಳಸಿ ಅಪಾಯ ತಂದುಕೊಳ್ಳುವುದು ಅದಕ್ಕಿಂತ ದೊಡ್ಡ ನಷ್ಟ. ನಮ್ಮ ಮನೆಯಲ್ಲಿಯೇ ಅಂತಹ ಅಪಾಯವೊಂದು ಕೂದಲೆಳೆಯಲ್ಲಿ ತಪ್ಪಿದ್ದರಿಂದ, ಅದರಿಂದ ಕಲಿತ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತಿದ್ದೇವೆ.

ನಮಗೆ ಅರುವತ್ತೈದು ತುಂಬಿದ ವರ್ಷ ರಕ್ತದಲ್ಲಿ ಸಕ್ಕರೆಯ ಅಂಶ ಹೆಚ್ಚಿರುವುದಾಗಿ ವೈದ್ಯರು ತಿಳಿಸಿ, ನಿತ್ಯವೂ ಅರ್ಧ ಗಂಟೆ ನಡೆಯಬೇಕೆಂದು ವಿಧಿಸಿದರು. ಧಾರವಾಡದ ಮುಂಗಾರಿನಲ್ಲಿ ಅದು ಸುಲಭವಲ್ಲ. ಜಿಟಿಜಿಟಿ ಮಳೆ, ಪಾಚಿಗಟ್ಟಿದ ಕಾಲುದಾರಿ, ನಸುಕಿನಲ್ಲಿ ಬೆನ್ನಟ್ಟುವ ಬೀದಿನಾಯಿಗಳು ಇವೆಲ್ಲ ಸೇರಿ ವಾರದಲ್ಲಿ ಮೂರು ದಿನ ನಡಿಗೆ ತಪ್ಪತೊಡಗಿತು. ಬೆಂಗಳೂರಿನಲ್ಲಿರುವ ಮಗನು ಇದನ್ನು ಕೇಳಿ ಒಂದು ಯಂತ್ರವನ್ನು ಕಳುಹಿಸಿಕೊಟ್ಟನು. ನಡೆಯುವುದಕ್ಕೂ ಯಂತ್ರವೇಕೆ ಎಂಬ ಬಿಂಕ ನಮ್ಮಲ್ಲಿ ಇದ್ದೇ ಇತ್ತು.

ಸೆರೆಮನೆಯಿಂದ ಪಡಸಾಲೆಗೆ

ಈ ಯಂತ್ರದ ಪೂರ್ವೋತ್ತರವು ಸ್ವಾರಸ್ಯಕರವಾಗಿದೆ. 1818ರ ಸುಮಾರಿಗೆ ಇಂಗ್ಲೆಂಡಿನ ವಿಲಿಯಂ ಕ್ಯುಬಿಟ್ ಎಂಬ ಎಂಜಿನಿಯರನು ಸೆರೆಯಾಳುಗಳಿಗಾಗಿ ಒಂದು ದೊಡ್ಡ ಮೆಟ್ಟಿಲುಚಕ್ರವನ್ನು ರೂಪಿಸಿದನು. ಕೈದಿಗಳು ಗಂಟೆಗಟ್ಟಲೆ ಅದರ ಮೆಟ್ಟಿಲುಗಳನ್ನು ಹತ್ತುತ್ತಲೇ ಇರಬೇಕಿತ್ತು. ಹತ್ತಿದಷ್ಟೂ ಮೆಟ್ಟಿಲು ಕೆಳಗಿಳಿಯುತ್ತಿತ್ತು. 1898ರ ಕಾರಾಗೃಹ ಕಾಯಿದೆಯ ನಂತರ ಬ್ರಿಟನ್ನಿನಲ್ಲಿ ಈ ಶಿಕ್ಷೆ ನಿಂತಿತು. ಮುಂದೆ 1952ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ವೈದ್ಯ ರಾಬರ್ಟ್ ಬ್ರೂಸ್ ಮತ್ತು ಎಂಜಿನಿಯರ್ ವೇಯ್ನ್ ಕ್ವಿಂಟನ್ ಅವರು ಹೃದಯ ಪರೀಕ್ಷೆಗಾಗಿ ನಡಿಗೆಯಂತ್ರವನ್ನು ಸಿದ್ಧಪಡಿಸಿದರು. ಇಂದು ನಮ್ಮ ಜಿಲ್ಲಾ ಕೇಂದ್ರಗಳ ಆಸ್ಪತ್ರೆಗಳಲ್ಲಿಯೂ ನಡೆಯುವ ಟಿ.ಎಂ.ಟಿ. ಪರೀಕ್ಷೆಗೆ ಬ್ರೂಸರ ಕ್ರಮವೇ ತಳಹದಿ. ಅದರಲ್ಲಿ ಮೂರು ಮೂರು ನಿಮಿಷಕ್ಕೊಮ್ಮೆ ವೇಗವನ್ನೂ ಏರನ್ನೂ ಹೆಚ್ಚಿಸುತ್ತಾರೆ. 1968ರಲ್ಲಿ ಕೆನೆತ್ ಕೂಪರ್ ಎಂಬ ವೈದ್ಯರು ಬರೆದ ‘ಏರೋಬಿಕ್ಸ್’ ಗ್ರಂಥವನ್ನೋದಿ ಪ್ರೇರಿತರಾದ ವಿಲಿಯಂ ಸ್ಟಾಬ್ ಎಂಬ ಎಂಜಿನಿಯರು ಮನೆಗಳಿಗೆ ಒಗ್ಗುವ ಅಗ್ಗದ ಯಂತ್ರವನ್ನು ತಯಾರಿಸಿದರು. ದಂಡನೆಗೆ ಹುಟ್ಟಿದ್ದು ಚಿಕಿತ್ಸೆಗೆ ಒದಗಿ, ಕಡೆಗೆ ಗೃಹಸ್ಥರ ಮನೆ ಸೇರಿತು.

ಜೋಡಣೆಯಲ್ಲಿ ನಾವು ಮಾಡಿದ ತಪ್ಪು

ಯಂತ್ರವು ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ಬಂದಿತು. ತಂದವರು ಅದನ್ನು ಗೇಟಿನ ಬಳಿ ಇಳಿಸಿ ಹೊರಟುಹೋದರು. ಜೋಡಿಸುವ ಕುಶಲಕರ್ಮಿಯು ಬರುವುದಕ್ಕೆ ಒಂದು ವಾರವಾಗುವುದೆಂದು ತಿಳಿಯಿತು. ಅಷ್ಟು ದಿನ ಕಾಯುವ ತಾಳ್ಮೆ ನಮಗಿರಲಿಲ್ಲ. ನೆರೆಮನೆಯ ಪಾಲಿಟೆಕ್ನಿಕ್ ವಿದ್ಯಾರ್ಥಿಯನ್ನು ಕರೆದು ಕೆಲಸಕ್ಕೆ ತೊಡಗಿದೆವು. ಮನೆಬಳಕೆಯ ಯಂತ್ರವೂ ಐವತ್ತು ಕಿಲೋ ಮೀರುವುದು ಸಾಮಾನ್ಯ. ಒಬ್ಬರೇ ಎತ್ತಲು ಹೋಗುವುದು ತರವಲ್ಲ. ಎತ್ತುವಾಗ ಉಕ್ಕಿನ ಚೌಕಟ್ಟನ್ನು ಹಿಡಿಯಬೇಕೇ ಹೊರತು ಬೆಲ್ಟನ್ನಾಗಲಿ ಮೋಟಾರಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನಾಗಲಿ ಹಿಡಿಯಬಾರದು.

ಒಳಗೆ ಎರಡು ಕಂಬಗಳು, ಗುಂಡಿಗಳಿರುವ ಫಲಕ, ಹಿಡಿಕೆಗಳು, ಬೋಲ್ಟು-ವಾಷರುಗಳ ಚೀಲ, ‘ಎಲ್’ ಆಕಾರದ ಅಲನ್ ಕೀ, ಒಂದು ಸಣ್ಣ ಕೈಪಿಡಿ ಇದ್ದವು. ಕೈಪಿಡಿಯನ್ನು ಬದಿಗಿಟ್ಟು ನಾವೇ ಮೇಸ್ತ್ರಿಯಾದೆವು. ಬಲಗಂಬದ ಬೋಲ್ಟುಗಳನ್ನೆಲ್ಲ ಮೊದಲು ಬಿಗಿಯಾಗಿ ತಿರುಗಿಸುವಂತೆ ಹುಡುಗನಿಗೆ ಹೇಳಿದೆವು. ಎಡಗಂಬಕ್ಕೆ ಬರುವಷ್ಟರಲ್ಲಿ ಮೇಲಿನ ರಂಧ್ರವು ಬೋಲ್ಟಿಗೆ ನೇರವಾಗಿ ಸಿಕ್ಕದೆ ಅರ್ಧ ಬೆರಳಿನಷ್ಟು ಓರೆಯಾಗಿತ್ತು. ಎಲ್ಲವನ್ನೂ ಬಿಚ್ಚಿ ಮತ್ತೆ ಮೊದಲುಮಾಡಬೇಕಾಯಿತು. ಎರಡನೆಯ ಸಲ ಜೋಡಿಸಿದಾಗ ಯಂತ್ರಕ್ಕೆ ಜೀವವೇ ಬರಲಿಲ್ಲ. ಕಂಬದೊಳಗಿಂದ ಮೇಲೇರುವ ತಂತಿಯ ಕೊಂಡಿಯು ಪೂರ್ತಿ ಕೂಡಿಕೊಂಡಿರಲಿಲ್ಲ.

ಈ ಎರಡು ತಪ್ಪುಗಳಿಂದ ಕಲಿತ ಕ್ರಮವಿದು. ಮೊದಲು ಬಿಡಿಭಾಗಗಳನ್ನೆಲ್ಲ ಹಳೆಯ ಜಮಖಾನೆಯ ಮೇಲೆ ಹರಡಿ, ಕೈಪಿಡಿಯ ಪಟ್ಟಿಯೊಡನೆ ಎಣಿಸಿ ನೋಡಬೇಕು. ತಂತಿಯ ಕೊಂಡಿಗಳನ್ನು ಸೂಜಿಗಳು ಬಾಗದಂತೆ ನೇರವಾಗಿ ಕೂಡಿಸಿ, ಕಂಬವನ್ನು ಕೂರಿಸುವಾಗ ತಂತಿಯು ಲೋಹದ ನಡುವೆ ನಜ್ಜುಗುಜ್ಜಾಗದಂತೆ ಒಬ್ಬರು ಹಿಡಿದಿರಬೇಕು. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದಲೇ ಮೂರು-ನಾಲ್ಕು ಸುತ್ತು ತಿರುಗಿಸಿ ಸಡಿಲವಾಗಿ ಬಿಡಬೇಕು. ಫಲಕವೂ ಹಿಡಿಕೆಗಳೂ ತಮ್ಮ ಸ್ಥಾನದಲ್ಲಿ ಕುಳಿತ ಮೇಲೆಯೇ ಎಡಕ್ಕೊಂದು ಬಲಕ್ಕೊಂದರಂತೆ ಬಿಗಿಗೊಳಿಸಬೇಕು. ಒಂದು ವಾರ ಬಳಸಿದ ಮೇಲೆ ಮತ್ತೊಮ್ಮೆ ಎಲ್ಲವನ್ನೂ ಬಿಗಿ ನೋಡಬೇಕು. ಅದುರುವಿಕೆಯಿಂದ ಬೋಲ್ಟುಗಳು ಸಡಿಲಗೊಳ್ಳುವುದುಂಟು.

ಸ್ಥಳ ಮತ್ತು ವಿದ್ಯುತ್ತು

ಯಂತ್ರವನ್ನು ಎಲ್ಲಿ ಇಡುತ್ತೇವೆ ಎಂಬುದು ಎಲ್ಲಕ್ಕಿಂತ ಮುಖ್ಯವಾದುದು. ಹೆಚ್ಚಿನ ಮನೆಗಳಲ್ಲಿ ಹಿಂಬದಿಯನ್ನು ಗೋಡೆಗೆ ತಾಗಿಸಿ, ಮುಂಬದಿಯನ್ನು ಟಿ.ವಿ.ಯ ಕಡೆಗೆ ತಿರುಗಿಸಿ ಇಡುತ್ತಾರೆ. ನೋಡಲು ಅನುಕೂಲವೇನೋ ಹೌದು, ಆದರೆ ಇದರಲ್ಲಿ ಅಪಾಯವಿದೆ. ನಡೆಯುವವನು ಎಡವಿದರೆ ಬೆಲ್ಟು ಅವನನ್ನು ಹಿಂದಕ್ಕೆ ಒಯ್ಯುತ್ತದೆ. ಹಿಂದೆ ಗೋಡೆಯಿದ್ದರೆ ಗೋಡೆಗೂ ಓಡುವ ಬೆಲ್ಟಿಗೂ ನಡುವೆ ಸಿಕ್ಕಿಬೀಳುತ್ತಾನೆ. ಆದುದರಿಂದ ಹಿಂದೆ 2 ಮೀಟರು, ಎರಡೂ ಬದಿಗಳಲ್ಲಿ ಅರ್ಧ ಅರ್ಧ ಮೀಟರು ಬರಿದಾಗಿ ಬಿಡಬೇಕು. ನೆಲವು ಸಮತಟ್ಟಾಗಿರಲಿ. ಕೆಳಗೆ ದಪ್ಪ ರಬ್ಬರಿನ ಹಾಸು ಇದ್ದರೆ ಕೆಳಮನೆಯವರಿಗೂ ನೆಮ್ಮದಿ.

ಮೊಬೈಲಿನ ಚಾರ್ಜರು ಹಾಕುವ ಸಣ್ಣ ಸಾಕೆಟ್ಟು ಇದಕ್ಕೆ ಸಲ್ಲದು. 16 ಆಂಪಿಯರಿನ, ಅರ್ಥಿಂಗ್ ಸರಿಯಾಗಿರುವ ಮೂರು ರಂಧ್ರದ ದೊಡ್ಡ ಸಾಕೆಟ್ಟೇ ಬೇಕು; ಎಲೆಕ್ಟ್ರಿಶಿಯನ್‌ನಿಂದ ಅರ್ಥಿಂಗ್ ಪರೀಕ್ಷಿಸಿಕೊಳ್ಳುವುದು ಲೇಸು. ಎಕ್ಸ್‌ಟೆನ್ಷನ್ ಬೋರ್ಡಿನಿಂದ ವೈರು ಎಳೆಯಬಾರದು. ನಡೆಯುವಾಗ ಕರೆಂಟು ಹೋದರೆ ಬೆಲ್ಟು ನಿಂತುಬಿಡುತ್ತದೆ, ನಡೆಯುವವನ ದೇಹ ಮುಂದಕ್ಕೆ ವಾಲುತ್ತದೆ. ಆದ್ದರಿಂದ ಹಿಡಿಕೆಯು ಸದಾ ಕೈಗೆಟುಕುವಂತಿರಬೇಕು. ಇಳಿದು ಸ್ವಿಚ್ಚು ಆರಿಸಿದ ನಂತರವೇ ಕರೆಂಟು ಬರುವುದನ್ನು ಕಾಯಬೇಕು.

ಶಲ್ಯ ಕಲಿಸಿದ ಪಾಠ

ಫಲಕದ ನಡುವೆ ಒಂದು ಕೆಂಪು ಕೀಲಿಯೂ ಅದಕ್ಕೆ ಕಟ್ಟಿದ ದಾರವೂ ದಾರದ ತುದಿಗೆ ಒಂದು ಕ್ಲಿಪ್ಪೂ ಇರುತ್ತವೆ. ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಂಡಿದ್ದರೆ, ನಡೆಯುವವನು ಹಿಂದೆ ಸರಿದಾಗ ಅಥವಾ ಬಿದ್ದಾಗ ಕೀಲಿ ಕಳಚಿ ಯಂತ್ರ ನಿಲ್ಲುತ್ತದೆ. ನಾವು ಅದನ್ನು ಮಕ್ಕಳಾಟಿಕೆಯೆಂದು ಬಗೆದು ಹಿಡಿಕೆಗೆ ತೂಗುಹಾಕಿದ್ದೆವು. ಉಡುಪೂ ಅಷ್ಟೇ: ನಿತ್ಯದ ಧೋತರ, ಹೆಗಲ ಮೇಲೆ ಶಲ್ಯ.

ರಜೆಗೆಂದು ಮಗಳು ತನ್ನ ನಾಲ್ಕು ವರ್ಷದ ಕೂಸಿನೊಡನೆ ಬಂದಿದ್ದಳು. ಒಂದು ಬೆಳಗ್ಗೆ ನಾವು ನಡೆಯುತ್ತಿರುವಾಗ ಶಲ್ಯವು ಜಾರಿ ಬೆಲ್ಟಿನ ಮೇಲೆ ಬಿದ್ದಿತು. ಬೆಲ್ಟು ಅದನ್ನು ಹಿಂದಕ್ಕೊಯ್ದು, ಹಿಂದಿನ ಉರುಳೆಯ ಬಳಿ ಅದರ ಅಂಚನ್ನು ಕೆಳಗೆ ಎಳೆದುಕೊಳ್ಳತೊಡಗಿತು. ಹಿಂದೆ ಕುಳಿತು ಚಿತ್ರ ಬರೆಯುತ್ತಿದ್ದ ಮಗು, “ಅಜ್ಜಾ, ನಿನ್ನ ಶಲ್ಯ!” ಎನ್ನುತ್ತ ಅದನ್ನು ಹಿಡಿದೆಳೆಯಲು ಓಡಿಬಂದಿತು. ಅಡುಗೆಮನೆಯ ಬಾಗಿಲಲ್ಲಿದ್ದ ನಮ್ಮ ಮನೆಯವರು, “ಕೂಸೂ, ಕೈ ಹಚ್ಚಬ್ಯಾಡ!” ಎಂದು ಕೂಗಿದ ಧ್ವನಿ ಇಂದಿಗೂ ನಮ್ಮ ಕಿವಿಯಲ್ಲಿದೆ. ನಾವು ಹಿಂತಿರುಗಿ ನೋಡುವುದರಲ್ಲಿ ಕಾಲು ತಪ್ಪಿದೆವು. ಬೀಳುತ್ತಲೇ ಕೈಗೆ ಸಿಕ್ಕಿದ್ದು ತೂಗುತ್ತಿದ್ದ ಆ ಕೆಂಪು ದಾರ. ಅದು ಎಳೆದೊಡನೆ ಯಂತ್ರ ನಿಂತಿತು. ನಮ್ಮ ಮೊಣಕಾಲು ಕೆತ್ತಿತು. ಮಗುವಿನ ಬೆರಳುಗಳು ಉರುಳೆಯಿಂದ ಒಂದು ಗೇಣು ದೂರದಲ್ಲಿದ್ದವು. ದಾರವು ಕೈಗೆ ಸಿಕ್ಕಿದ್ದು ನಮ್ಮ ಜಾಣತನದಿಂದಲ್ಲ.

ಎಲ್ಲರಿಗೂ ಹೀಗೆ ಆಗುವುದಿಲ್ಲ. 2009ರಲ್ಲಿ ಅಮೆರಿಕದ ಫೀನಿಕ್ಸ್ ನಗರದಲ್ಲಿ, ಹೆಸರಾಂತ ಮುಷ್ಟಿಯುದ್ಧಪಟು ಮೈಕ್ ಟೈಸನ್ ಅವರ ನಾಲ್ಕು ವರ್ಷದ ಮಗಳು ಮನೆಯ ಟ್ರೆಡ್‌ಮಿಲ್ಲಿನಿಂದ ಜೋತುಬಿದ್ದಿದ್ದ ತಂತಿಗೆ ಕೊರಳು ಸಿಲುಕಿ ಅಸುನೀಗಿತು. 2021ರ ಮೇ ತಿಂಗಳಲ್ಲಿ ಅದೇ ದೇಶದಲ್ಲಿ ಒಂದು ಕಂಪನಿಯು ತನ್ನ ಸುಮಾರು 1,25,000 ಯಂತ್ರಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಮಕ್ಕಳು, ದೊಡ್ಡವರು, ಸಾಕುಪ್ರಾಣಿಗಳು, ವಸ್ತುಗಳು ಯಂತ್ರದ ಹಿಂಬದಿಯಲ್ಲಿ ಅಡಿಗೆ ಸೆಳೆಯಲ್ಪಟ್ಟ ಎಪ್ಪತ್ತಕ್ಕೂ ಹೆಚ್ಚು ದೂರುಗಳು ಅದರ ಮೇಲಿದ್ದವು. ಅವುಗಳಲ್ಲಿ ಒಂದು ಮಗುವಿನ ಮರಣವೂ ಸೇರಿತ್ತು.

ಅಂದಿನಿಂದ ನಮ್ಮ ಮನೆಯಲ್ಲಿ ಕೆಲವು ಕಟ್ಟುಪಾಡುಗಳಿವೆ. ಯಂತ್ರ ಓಡುವಾಗ ಮಕ್ಕಳು ಆ ಕೋಣೆಯಲ್ಲಿರಕೂಡದು. ಕೆಲಸ ಮುಗಿದೊಡನೆ ಪ್ಲಗ್ಗು ಕಿತ್ತು, ಕೆಂಪು ಕೀಲಿಯನ್ನು ಕಪಾಟಿನ ಮೇಲಿನ ಹಲಗೆಯಲ್ಲಿ ಇಡಬೇಕು. ಕೀಲಿಯಿಲ್ಲದೆ ಬೆಲ್ಟು ಚಲಿಸುವುದಿಲ್ಲ. ವೈರುಗಳನ್ನು ಜೋತುಬೀಳದಂತೆ ಸುತ್ತಿ ಕಟ್ಟಬೇಕು. ಧೋತರ, ಶಲ್ಯ, ಸೀರೆಯ ಸೆರಗು, ದುಪಟ್ಟಾ ಇವುಗಳೊಂದಿಗೆ ಯಂತ್ರವನ್ನೇರಬಾರದು. ನಾವು ಈಗ ಪಾಯಿಜಾಮೆಯನ್ನೂ ಬೂಟನ್ನೂ ತೊಡುತ್ತೇವೆ. ನಮ್ಮ ಮನೆಯವರು ಮೊದಲು ನಕ್ಕರು. ಈಗ ತಾವೂ ಚೂಡಿದಾರ ಧರಿಸಿ, ದುಪಟ್ಟಾ ತೆಗೆದಿಟ್ಟು ನಡೆಯುತ್ತಾರೆ.

ನಡೆಯುವ ಕ್ರಮ

ನೆಲದ ಮೇಲೆ ನಡೆಯುವಾಗ ನಾವು ನಿಂತರೆ ನೆಲವೂ ನಿಂತಿರುತ್ತದೆ. ಕೆಮ್ಮು ಬಂದರೆ, ಪರಿಚಿತರು ಕರೆದರೆ, ಚಪ್ಪಲಿಯ ಉಂಗುಟ ಹರಿದರೆ ದಾರಿಯು ನಮಗಾಗಿ ಕಾಯುತ್ತದೆ. ಯಂತ್ರ ಕಾಯುವುದಿಲ್ಲ, ಅದರ ಮೇಲೆ ನಿಂತವರು ಯಾರು, ಅವರಿಗೇನಾಯಿತು ಎಂಬುದು ಅದಕ್ಕೆ ತಿಳಿಯದು. ಈ ಒಂದು ಭೇದವನ್ನು ಮನಗಂಡರೆ ಉಳಿದ ನಿಯಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಹೃದ್ರೋಗ, ರಕ್ತದೊತ್ತಡ, ಮಧುಮೇಹ, ಮಂಡಿನೋವು ಉಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಬೆಲ್ಟಿನ ಮೇಲೆ ನಿಂತು ಗುಂಡಿಯನ್ನು ಒತ್ತಬಾರದು. ಎರಡೂ ಬದಿಯ ಅಂಚುಪಟ್ಟಿಗಳ ಮೇಲೆ ಕಾಲಿಟ್ಟು, ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿ, ಅತಿ ಕಡಿಮೆ ವೇಗದಲ್ಲಿ ಬೆಲ್ಟನ್ನು ಓಡಿಸಿ, ಹಿಡಿಕೆ ಹಿಡಿದು ಒಂದೊಂದೇ ಕಾಲನ್ನು ಇರಿಸಬೇಕು. ಮೊದಲ ಐದು ನಿಮಿಷ ಗಂಟೆಗೆ ಎರಡು ಕಿಲೋಮೀಟರಿನ ಆಸುಪಾಸಿನಲ್ಲಿ ನಡೆದು ಮೈ ಕಾಯಿಸಿಕೊಳ್ಳಬೇಕು. ನಮ್ಮ ವಯಸ್ಸಿನವರಿಗೆ ಮೂರೂವರೆಯಿಂದ ನಾಲ್ಕು ಸಾಕಷ್ಟಾಯಿತು. ವೇಗ ತಕ್ಕುದೇ ಎಂದು ತಿಳಿಯಲು ಸುಲಭೋಪಾಯವಿದೆ: ನಡೆಯುತ್ತ ಪಕ್ಕದವರೊಡನೆ ಮಾತಾಡಲು ಸಾಧ್ಯವಾಗಬೇಕು, ಹಾಡಲು ಉಸಿರು ಸಾಲಬಾರದು. ಮಾತೇ ಆಡಲಾಗದಿದ್ದರೆ ವೇಗ ಹೆಚ್ಚಾಯಿತೆಂದರ್ಥ. ರಕ್ತದೊತ್ತಡಕ್ಕೆ ಕೆಲವು ಬಗೆಯ ಮಾತ್ರೆ ಸೇವಿಸುವವರಲ್ಲಿ ನಾಡಿಬಡಿತ ಅಷ್ಟಾಗಿ ಏರುವುದಿಲ್ಲ. ಅಂಥವರು ಫಲಕದ ಮೇಲಿನ ನಾಡಿಯ ಅಂಕಿಯನ್ನು ನಂಬದೆ ಈ ಮಾತಿನ ಪರೀಕ್ಷೆಯನ್ನೇ ನೆಚ್ಚಬೇಕು.

ದೃಷ್ಟಿಯು ನೇರವಾಗಿ ಮುಂದಿರಲಿ. ಪಾದಗಳನ್ನು ನೋಡುತ್ತ ನಡೆದರೆ ತಲೆ ತಿರುಗುತ್ತದೆ. ಮೊಬೈಲನ್ನು ದೂರವಿಡಬೇಕು. ಕಡೆಯ ಐದು ನಿಮಿಷ ಮತ್ತೆ ನಿಧಾನಗೊಳಿಸಬೇಕು. ಥಟ್ಟನೆ ನಿಂತರೆ ರಕ್ತವು ಕಾಲುಗಳಲ್ಲಿಯೇ ಉಳಿದು ಕಣ್ಣು ಕತ್ತಲಿಡುವ ಸಂಭವವಿದೆ. ಮಧುಮೇಹಿಗಳು ಬರಿಗಾಲಿನಲ್ಲಿ ನಡೆಯದೆ, ನಡಿಗೆಯ ನಂತರ ಪಾದಗಳಲ್ಲಿ ಗುಳ್ಳೆಯೆದ್ದಿದೆಯೇ ಎಂದು ನೋಡಿಕೊಳ್ಳಬೇಕು. ಜೇಬಿನಲ್ಲಿ ನಾಲ್ಕು ಕಲ್ಲುಸಕ್ಕರೆ ಇರಲಿ. ಎದೆಯಲ್ಲಿ ನೋವು ಅಥವಾ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆಯ ಬೆವರು, ತಲೆಸುತ್ತು ಕಂಡರೆ ಆ ಕ್ಷಣವೇ ಇಳಿದು ವೈದ್ಯರಲ್ಲಿಗೆ ಹೋಗತಕ್ಕದ್ದು.

ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪರಿಶ್ರಮ ವಯಸ್ಕರಿಗೆ ಅವಶ್ಯವೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ನಡೆದರೆ ಅದರ ಕೆಳಗಿನ ಮಿತಿ ತುಂಬುತ್ತದೆ. ಹತ್ತು ನಿಮಿಷದಿಂದ ಪ್ರಾರಂಭಿಸಿ, ಮೊದಲು ಸಮಯವನ್ನು, ನಂತರ ವೇಗವನ್ನು, ಕಟ್ಟಕಡೆಗೆ ಏರನ್ನು ಹೆಚ್ಚಿಸುವುದು ಸರಿಯಾದ ಕ್ರಮ.

ಆರೈಕೆ

ಪ್ಲಗ್ಗು ಕಿತ್ತು ವಾರಕ್ಕೊಮ್ಮೆ ಧೂಳೊರೆಸಬೇಕು. ಬೆಲ್ಟಿನ ಅಡಿಗೆ ಕೈಪಿಡಿ ತಿಳಿಸಿದ ಅವಧಿಗೊಮ್ಮೆ ಸಿಲಿಕೋನ್ ಎಣ್ಣೆಯನ್ನು ಮಾತ್ರ ಹಾಕತಕ್ಕದ್ದು. ಹೊಲಿಗೆಯಂತ್ರದ ಎಣ್ಣೆ, ಕೊಬ್ಬರಿ ಎಣ್ಣೆ ಹಾಕಿದರೆ ಬೆಲ್ಟು ಕೆಡುತ್ತದೆ. ಬೆಲ್ಟು ಬಲಕ್ಕೆ ಸರಿದಿದ್ದರೆ ಹಿಂದಿನ ಬಲಬದಿಯ ಬೋಲ್ಟನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಕಾಲು ಸುತ್ತು ತಿರುಗಿಸಬೇಕು. ಎಡಕ್ಕೆ ಸರಿದರೆ ಎಡದ ಬೋಲ್ಟನ್ನು. ಬಳಿಕ ಯಂತ್ರದ ಮೇಲೆ ಯಾರೂ ನಿಲ್ಲದೆ ಎರಡು ನಿಮಿಷ ಓಡಿಸಿ ನೋಡಿ ಮುಂದುವರಿಯಬೇಕು.

ಈಗ ನಮ್ಮ ಸಕ್ಕರೆಯ ಅಂಶ ಹತೋಟಿಯಲ್ಲಿದೆ. ಮಳೆ ನಿಂತ ದಿನಗಳಲ್ಲಿ ನಾವು ಬಯಲಿಗೇ ಹೋಗುತ್ತೇವೆ. ಮರ, ಹಕ್ಕಿ, ನಾಲ್ಕು ಜನರ ಕುಶಲ ಇವು ಪಡಸಾಲೆಯಲ್ಲಿ ದೊರೆಯುವಂಥವಲ್ಲ. ಮಳೆಗಾಲದಲ್ಲಿ ಮಾತ್ರ ಯಂತ್ರವೇ ಆಶ್ರಯ. ಕಪಾಟಿನಿಂದ ಕೆಂಪು ಕೀಲಿಯನ್ನು ಇಳಿಸುವಾಗಲೆಲ್ಲ ಆ ಕೂಸಿನ ಬೆರಳುಗಳು ಕಣ್ಣಮುಂದೆ ಬರುತ್ತವೆ. ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಂಡು, ಹಿಂದೆ ಯಾರೂ ಇಲ್ಲವೆಂದು ಒಮ್ಮೆ ತಿರುಗಿ ನೋಡಿ, ಆಮೇಲೆ ಮೊದಲ ಹೆಜ್ಜೆ ಇಡುತ್ತೇವೆ. ಯಂತ್ರವಿರುವ ಪ್ರತಿಯೊಂದು ಮನೆಯಲ್ಲಿಯೂ ಹಿರಿಯರು ಇಷ್ಟನ್ನಾದರೂ ರೂಢಿಸಿಕೊಳ್ಳಲೆಂಬುದು ನಮ್ಮ ವಿನಂತಿ.